ಪದವಿಗೆ ಮೊದಲು ಇಂಗ್ಲಿಷಿನ ಹೊಸ್ತಿಲು

ಬ್ರಿಟನ್ನಿನ ವಿಶ್ವವಿದ್ಯಾನಿಲಯವೊಂದರಿಂದ ಮಗಳಿಗೆ ಎಂಎಸ್ಸಿ ಸೀಟಿನ ಪತ್ರ ಬಂದಿದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಸಂಭ್ರಮ. ಆದರೆ ಪತ್ರದ ಕೆಳಗೊಂದು ಷರತ್ತು: ಐಇಎಲ್‌ಟಿಎಸ್‌ನಲ್ಲಿ 6.5 ಬೇಕಿತ್ತು, 6 ಬಂದಿದೆ. ಆದ್ದರಿಂದ ಸೆಪ್ಟೆಂಬರ್‌ನ ತರಗತಿಗೆ ಮೊದಲು 'ಪ್ರಿ-ಸೆಷನಲ್ ಇಂಗ್ಲಿಷ್' ಕೋರ್ಸು ಮುಗಿಸಬೇಕು. ಅದರ ಶುಲ್ಕ ಬೇರೆ. "ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳಿಗೆ ಇನ್ನೂ ಇಂಗ್ಲಿಷ್ ಪಾಠವೇ?" ಎಂದು ಮನೆಯವರು ಕೇಳುವುದು ಸಹಜ.

ವಾಸ್ತವದಲ್ಲಿ ಅಲ್ಲಿ ಮುಖ್ಯವಾಗಿ ಕಲಿಸುವುದು ವ್ಯಾಕರಣವನ್ನಲ್ಲ, ವಿಶ್ವವಿದ್ಯಾನಿಲಯದಲ್ಲಿ ಓದುವ ರೀತಿಯನ್ನು. ಒಂದು ಗಂಟೆಯ ಉಪನ್ಯಾಸ ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳುವುದು, ಚರ್ಚೆಯಲ್ಲಿ ಎದುರಿನವರ ಅಭಿಪ್ರಾಯವನ್ನು ಒಪ್ಪದೆಯೂ ಸೌಜನ್ಯದಿಂದ ಮಾತನಾಡುವುದು, ನಾಲ್ಕಾರು ಪುಸ್ತಕ, ಲೇಖನಗಳನ್ನು ಓದಿ ಪ್ರಬಂಧ ಬರೆಯುವುದು. ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಈ ಕೊನೆಯದರಲ್ಲಿ. ಗೈಡಿನಲ್ಲಿದ್ದುದನ್ನು ಅಕ್ಷರ ಬಿಡದೆ ಬರೆದರೆ ಇಲ್ಲಿ ಒಳ್ಳೆಯ ಅಂಕ. ಅಲ್ಲಿ ಇನ್ನೊಬ್ಬರ ಒಂದು ವಾಕ್ಯವನ್ನು ಮೂಲ ಹೇಳದೆ ಬಳಸಿದರೆ ಅದು ಕಳವು, ಶಿಕ್ಷೆಯೂ ಉಂಟು. ಹಾಗೆ ನಕಲಾದ ಸಾಲುಗಳನ್ನು ಗುರುತಿಸಲು 'ಟರ್ನಿಟಿನ್'ನಂತಹ ತಂತ್ರಾಂಶ ಬಳಸುತ್ತಾರೆ. ಇದನ್ನು ಮೊದಲ ಸೆಮಿಸ್ಟರ್‌ನಲ್ಲಿ ಪೆಟ್ಟು ತಿಂದು ಕಲಿಯುವುದಕ್ಕಿಂತ ಮೊದಲೇ ಕಲಿಯುವುದು ಲೇಸು.

ಆದರೆ ಹಣ ಕಟ್ಟುವ ಮುಂಚೆ ಒಂದು ವಿಷಯ ಮನೆಯವರಿಗೆಲ್ಲ ಗೊತ್ತಿರಲಿ. ಈ ಕೋರ್ಸು ಹಾಜರಾತಿ ಕೊಟ್ಟರೆ ಮುಗಿಯುವಂಥದ್ದಲ್ಲ, ಕೊನೆಗೆ ಮೌಲ್ಯಮಾಪನವಿದೆ. ಅದರಲ್ಲಿ ಬೇಕಾದ ಮಟ್ಟ ಮುಟ್ಟದಿದ್ದರೆ ಮುಖ್ಯ ಕೋರ್ಸಿನ ಬಾಗಿಲು ತೆರೆಯದು. ಒಡವೆ ಅಡವಿಟ್ಟು ಕಳುಹಿಸಿದ ಮನೆಗೆ ಇದು ಸಣ್ಣ ಮಾತಲ್ಲ. ಏಜೆಂಟರು ಇದನ್ನು ಒತ್ತಿ ಹೇಳುವುದು ಕಡಿಮೆ. ಅನುತ್ತೀರ್ಣವಾದರೆ ಮುಂದೇನು, ಮುಂಗಡ ಕಟ್ಟಿದ್ದು ಮರಳುತ್ತದೆಯೇ ಎಂದು ವಿಶ್ವವಿದ್ಯಾನಿಲಯಕ್ಕೇ ಇ-ಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ.

ಅವಧಿ ಅಂಕವನ್ನು ಅವಲಂಬಿಸಿದೆ. ಅರ್ಧ ಅಂಕ ಕಡಿಮೆಯಿದ್ದರೆ ಸಾಮಾನ್ಯವಾಗಿ ಆರು ವಾರದ ಆಸುಪಾಸು, ಒಂದು ಅಂಕವಾದರೆ ಹತ್ತು-ಹನ್ನೆರಡು ವಾರ. ವಾರ ಹೆಚ್ಚಿದಷ್ಟೂ ಶುಲ್ಕ, ಬಾಡಿಗೆ, ಊಟದ ಖರ್ಚು. ಹಾಗಾಗಿ ಅರ್ಧ ಅಂಕಕ್ಕಾಗಿ ಇನ್ನೊಮ್ಮೆ ಪರೀಕ್ಷೆ ಬರೆಯುವುದು ಅಗ್ಗವೇ ಎಂದು ಮೊದಲು ಲೆಕ್ಕ ಹಾಕಿ. ಕೆಲವು ವಿಶ್ವವಿದ್ಯಾನಿಲಯಗಳು 12ನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ, ಅದನ್ನೂ ಕೇಳಿ ನೋಡಿ. 2020ರ ಕೋವಿಡ್ ಬಳಿಕ ಆನ್‌ಲೈನ್‌ನಲ್ಲಿ ಈ ಕೋರ್ಸು ನಡೆಸುವ ಕಡೆಗಳೂ ಇವೆ. ಮನೆಯಲ್ಲೇ ಕುಳಿತು ಮುಗಿಸಿದರೆ ಅಲ್ಲಿನ ಬಾಡಿಗೆ ಉಳಿಯುತ್ತದೆ, ತೇರ್ಗಡೆಯಾದ ಮೇಲೆಯೇ ವಿಮಾನ ಹತ್ತಬಹುದು. ನನ್ನನ್ನು ಕೇಳಿದರೆ, ಕೈ ಬಿಗಿಯಿರುವ ಮನೆಗೆ ಇದೇ ಸೂಕ್ತ.

ಅಲ್ಲಿಗೇ ಹೋಗಿ ಕಲಿಯುವುದಾದರೆ ವೀಸಾದ ವಿಚಾರ ಎಚ್ಚರ. ಇದಕ್ಕೆ ಸಾಮಾನ್ಯ ಐಇಎಲ್‌ಟಿಎಸ್ ಬದಲು 'ಐಇಎಲ್‌ಟಿಎಸ್ ಫಾರ್ ಯುಕೆವಿಐ' ಎಂಬ ಪರೀಕ್ಷೆಯನ್ನು ಕೇಳುತ್ತಾರೆ. ಪ್ರಶ್ನೆಗಳ ಸ್ವರೂಪ ಒಂದೇ ಆದರೂ ನೋಂದಣಿ ಬೇರೆ, ಶುಲ್ಕವೂ ಹೆಚ್ಚು. ಪರೀಕ್ಷೆಗೆ ಹೆಸರು ಕೊಡುವ ದಿನವೇ ಇದನ್ನು ನೋಡಿಕೊಳ್ಳಿ.