ಸರ್ಪಸುತ್ತಿಗೆ ಸರ್ಪ ಕಾರಣವಲ್ಲ

ಸರ್ಪಸುತ್ತಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂಬ ಮಾತನ್ನು ನೀವೆಲ್ಲರೂ ಕೇಳಿರುತ್ತೀರಿ. ಬೆನ್ನುಹುರಿಯಿಂದ ನರಗಳು ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಹೊರಡುತ್ತವೆ. ಈ ಕಾಯಿಲೆ ಸಾಮಾನ್ಯವಾಗಿ ಒಂದು ಬದಿಯ ನರದ ಹಾದಿಯನ್ನಷ್ಟೇ ಹಿಡಿಯುವುದರಿಂದ ಗುಳ್ಳೆಗಳ ಪಟ್ಟಿ ದೇಹದ ನಡುಗೆರೆಯ ಬಳಿ ನಿಂತುಬಿಡುತ್ತದೆ.

ಕಾರಣ ನಾಗದೋಷವೂ ಅಲ್ಲ. ಬಾಲ್ಯದಲ್ಲಿ ‘ಅಮ್ಮ’ ಬಂದಿದ್ದಾಳೆಂದು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದರಲ್ಲ, ಆ ಚಿಕನ್ ಪಾಕ್ಸಿನ ವೈರಾಣುವೇ ಇದು. ಕಲೆ ಮಾಸಿದರೂ ಅದು ನರದ ಬುಡದಲ್ಲಿ ದಶಕಗಳ ಕಾಲ ಅಡಗಿದ್ದು, ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚರಗೊಳ್ಳುತ್ತದೆ. 1965ರಲ್ಲಿ ಇದನ್ನು ವಿಶದವಾಗಿ ನಿರೂಪಿಸಿದ ಎಡ್ಗರ್ ಹೋಪ್-ಸಿಂಪ್ಸನ್ ಇಂಗ್ಲೆಂಡಿನ ಸಣ್ಣ ಊರೊಂದರ ಸಾಮಾನ್ಯ ವೈದ್ಯರು. ಈ ಸಂಗತಿ ನನಗೆ ಬಲು ಪ್ರಿಯ.

ಮೊದಲು ಉರಿ, ನೋವು. ಕೆಲವು ದಿನಗಳ ನಂತರ ಗುಳ್ಳೆ. ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸಿದವರಿಗೂ ಗುಣವಾಗುತ್ತದೆ, ನಿಜ. ಏನೂ ಮಾಡದಿದ್ದರೂ ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತವೆ. ಕೀರ್ತಿ ಮಾತ್ರ ಕೆಮ್ಮಣ್ಣಿಗೆ! ನನ್ನ ಆಕ್ಷೇಪ ಮಣ್ಣಿನ ಮೇಲಲ್ಲ, ಅದನ್ನು ನಂಬಿ ಕಳೆದುಕೊಳ್ಳುವ ದಿನಗಳ ಮೇಲೆ. ಅಸೈಕ್ಲೊವಿರ್‌ನಂತಹ ಔಷಧಗಳನ್ನು ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಆರಂಭಿಸಿದರೆ ಫಲ ಹೆಚ್ಚು. ಚರ್ಮ ಮಾಯ್ದ ಮೇಲೂ ನರದ ನೋವು ಕೆಲವರಲ್ಲಿ, ವಿಶೇಷವಾಗಿ ವೃದ್ಧರಲ್ಲಿ, ತಿಂಗಳುಗಟ್ಟಲೆ ಉಳಿಯುವುದುಂಟು. ಆಗ ಸೆರಗು ತಗುಲಿದರೂ ಸಹಿಸಲಾಗದು. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಎದ್ದರೆ ಕಣ್ಣಿಗೇ ಅಪಾಯ. ಅಂದೇ ವೈದ್ಯರಲ್ಲಿಗೆ ಹೋಗಬೇಕು.

50 ದಾಟಿದವರಿಗಾಗಿ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ, ಬೆಲೆ ದುಬಾರಿ. ನನ್ನ ಮೊದಲ ತಂಡದ ವಿದ್ಯಾರ್ಥಿಗಳೇ, ನಿಮಗೂ ಆ ವಯಸ್ಸು ದಾಟಿತು. ನಿಮ್ಮ ವೈದ್ಯರನ್ನು ಒಮ್ಮೆ ವಿಚಾರಿಸಿರಿ.