ಬಲದ ಸೂತ್ರಕ್ಕೆ ವೃತ್ತಿ ಮತ್ತು ಪ್ರಯೋಗ

ಶಾಸ್ತ್ರವನ್ನು ಗುರುಮುಖೇನ ಅಭ್ಯಸಿಸಿದವರೆಲ್ಲ ಬಲ್ಲ ಮಾತೊಂದಿದೆ: ಸೂತ್ರವು ಎಷ್ಟೇ ಅಡಕವಾಗಿದ್ದರೂ ಅದೊಂದರಿಂದಲೇ ಅರ್ಥಬೋಧೆಯಾಗದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯಗಳಲ್ಲಿ ಸೂತ್ರಗಳನ್ನು ರಚಿಸಿ ಸುಮ್ಮನಾಗಲಿಲ್ಲ. ತಾನೇ ವೃತ್ತಿಯನ್ನು ಬರೆದು ಅರ್ಥವನ್ನು ಬಿಡಿಸಿದನು. ಕವಿಪ್ರಯೋಗಗಳನ್ನು ಉದಾಹರಿಸಿ ಅದನ್ನು ದೃಢಪಡಿಸಿದನು. ಈ ಕ್ರಮವು ವ್ಯಾಕರಣಕ್ಕೆ ಮಾತ್ರವಲ್ಲ, ಭೌತವಿಜ್ಞಾನದ ಬೋಧನೆಗೂ ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ.

ಪ್ರೌಢಶಾಲೆಯ ಮಕ್ಕಳು ‘ಬಲವು ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ’ ಎಂಬುದನ್ನು ಅಮರಕೋಶದಂತೆ ಕಂಠಪಾಠ ಮಾಡುತ್ತಾರೆ. ಅಂಕಿಗಳನ್ನು ಕೊಟ್ಟರೆ ಗುಣಿಸಿ ಉತ್ತರವನ್ನೂ ಬರೆಯುತ್ತಾರೆ. ನೇರ ದಾರಿಯಲ್ಲಿ ಒಂದೇ ವೇಗದಿಂದ ಸಾಗುತ್ತಿರುವ ಗಾಡಿಯ ಮೇಲಿನ ಒಟ್ಟು ಬಲವೆಷ್ಟೆಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಇದಕ್ಕೆ ಮಕ್ಕಳ ಮಂದಬುದ್ಧಿಯಾಗಲಿ, ಕನ್ನಡ ಮಾಧ್ಯಮವಾಗಲಿ ಕಾರಣವಲ್ಲ. ಸೂತ್ರದ ಮೂರು ಪದಗಳೂ ಲೋಕರೂಢಿಯಲ್ಲಿ ಬೇರೆ ಅರ್ಥಗಳನ್ನು ಹೊತ್ತಿವೆ. ಆ ಭೇದವನ್ನು ನಾವು ಬಿಡಿಸಿ ಹೇಳುತ್ತಿಲ್ಲ.

‘ರಾಶಿ’ಯನ್ನೇ ನೋಡೋಣ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಬಾಲಕನಿಗೆ ರಾಶಿಯೆಂದರೆ ಕಣದಲ್ಲಿ ಕಾಣುವ ಶೇಂಗಾ ಗುಡ್ಡೆ. ಅದರ ಗಾತ್ರವನ್ನು ಕಣ್ಣು ಅಳೆಯುತ್ತದೆ. ಶಾಸ್ತ್ರದ ರಾಶಿಯಾದರೋ ಗಾತ್ರವಲ್ಲ. ವಸ್ತುವು ತನ್ನ ವೇಗದ ಬದಲಾವಣೆಗೆ ಎಷ್ಟು ಪ್ರತಿರೋಧವನ್ನು ಒಡ್ಡುತ್ತದೆಂಬುದರ ಅಳತೆ. ಹೊಟ್ಟು ತುಂಬಿದ ಚೀಲವೂ ಬೀಜ ತುಂಬಿದ ಚೀಲವೂ ನೋಟಕ್ಕೆ ಒಂದೇ. ಎರಡನ್ನೂ ತೊಲೆಗೆ ತೂಗುಹಾಕಿ ಸಮನಾಗಿ ನೂಕಿದರೆ ಭೇದವು ಕೈಗೆ ತಿಳಿಯುತ್ತದೆ. ಮೊಳಕಾಲ್ಮೂರಿನ ನೇಕಾರರ ಮನೆಯ ಮಕ್ಕಳಿಗೆ ಮಗ್ಗದ ಲಾಳಿಯೇ ಪಾಠ: ಅದು ಹಗುರವಾದುದರಿಂದಲೇ ಸಣ್ಣ ತಳ್ಳಿಗೂ ಚುರುಕಾಗಿ ಓಡುತ್ತದೆ.

‘ಬಲ’ವೆಂಬುದು ಲೋಕದಲ್ಲಿ ಒಬ್ಬರ ಸೊತ್ತು, ಎತ್ತಿಗೆ ಬಲವಿದೆ, ಪೈಲ್ವಾನನಿಗೆ ಬಲವಿದೆ ಎನ್ನುತ್ತೇವೆ. ಶಾಸ್ತ್ರದಲ್ಲಿ ಅದು ಯಾರೊಳಗೂ ಕೂಡಿಟ್ಟ ವಸ್ತುವಲ್ಲ. ಒಂದು ಇನ್ನೊಂದರ ಮೇಲೆ ನಡೆಸುವ ಎಳೆತ ಅಥವಾ ನೂಕು. ಗಾಡಿಯು ಒಂದೇ ವೇಗದಿಂದ ಸಾಗುವಾಗ ಎತ್ತಿನ ಎಳೆತವನ್ನು ಘರ್ಷಣೆಯು ಸರಿದೂಗಿಸಿರುತ್ತದೆ. ಆಗ ಒಟ್ಟು ಬಲ ಶೂನ್ಯ. ಎಳೆತ ನಿಂತ ಮೇಲೆ ಗಾಡಿ ನಿಲ್ಲುವುದು ಬಲವಿಲ್ಲದುದರಿಂದಲ್ಲ, ಘರ್ಷಣೆಯ ಬಲವೊಂದೇ ಉಳಿದುದರಿಂದ. ಚಲನೆಗೆ ಬಲ ಬೇಕೆಂಬುದು ಅರಿಸ್ಟಾಟಲನ ಕಾಲದ ನಂಬಿಕೆ. ಚಲನೆಯ ಬದಲಾವಣೆಗೆ ಬಲ ಬೇಕೆಂಬುದು ನ್ಯೂಟನ್ನನ ಸಿದ್ಧಾಂತ.

ಇನ್ನು ‘ವೇಗೋತ್ಕರ್ಷ’. ವೇಗ, ಉತ್ಕರ್ಷ ಸೇರಿ ಗುಣಸಂಧಿ. ಉತ್ಕರ್ಷವೆಂದರೆ ಏರಿಕೆ. ಆದರೆ ವೇಗವು ಇಳಿದರೂ, ದಿಕ್ಕು ಬದಲಾದರೂ ಶಾಸ್ತ್ರದ ಪ್ರಕಾರ ಅದು ವೇಗೋತ್ಕರ್ಷವೇ. ಪದವು ಸೊಗಸಾಗಿದೆ, ಶಾಸ್ತ್ರಾರ್ಥವನ್ನು ಹೇಳದೆ ಬಿಟ್ಟರೆ ಆ ಪದವೇ ಅಡ್ಡಗೋಡೆಯಾಗುತ್ತದೆ.

ಈ ಇಳಿಕೆಗೆ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ಉಜ್ವಲವಾದ ಉದಾಹರಣೆಯಿದೆ. ಇಲ್ಲಿನ ವೈಮಾನಿಕ ಪರೀಕ್ಷಾ ಕ್ಷೇತ್ರದಲ್ಲಿ 2024ರ ಜೂನ್ 23ರಂದು ಇಸ್ರೋ ಸಂಸ್ಥೆಯ ‘ಪುಷ್ಪಕ್’ ವಾಹನವನ್ನು ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಕಳಚಿಬಿಟ್ಟರು. ಅದು ತಾನಾಗಿಯೇ ಓಡುದಾರಿಗೆ ಇಳಿದಾಗ ವೇಗವು ಗಂಟೆಗೆ 320 ಕಿಲೋಮೀಟರಿಗೂ ಮೇಲಿತ್ತು. ಹಿಂದೆ ಬಿಚ್ಚಿಕೊಂಡ ಪ್ಯಾರಾಚೂಟು ಅದನ್ನು ಸುಮಾರು 100 ಕಿಲೋಮೀಟರಿಗೆ ತಗ್ಗಿಸಿತು. ಅನಂತರ ಗಾಲಿಗಳ ಬ್ರೇಕುಗಳು ಕೆಲಸ ಮಾಡಿದವು. ವೇಗ ತಗ್ಗಿದ್ದು ಸೆಕೆಂಡಿಗೆ ಸುಮಾರು 61 ಮೀಟರ್. ಲೆಕ್ಕದ ಸೌಕರ್ಯಕ್ಕಾಗಿ ಇದು 10 ಸೆಕೆಂಡುಗಳಲ್ಲಿ ಆಯಿತೆಂದು ಇಟ್ಟುಕೊಂಡರೆ ಪ್ರತಿ 1000 ಕಿಲೋಗ್ರಾಂ ರಾಶಿಗೆ ಸರಾಸರಿ 6100 ನ್ಯೂಟನ್ ಬಲ ಬೇಕು. 5 ಸೆಕೆಂಡುಗಳಲ್ಲೇ ಆಗಬೇಕಾದರೆ 12,200 ನ್ಯೂಟನ್. ರಾಶಿ ಇಮ್ಮಡಿಯಾದರೂ ಬಲ ಇಮ್ಮಡಿಯೇ ಬೇಕು. ಹೀಗೆ ಹೇಳಿದಾಗ ಸೂತ್ರವು ಬಾಯಿಪಾಠವಾಗಿ ಉಳಿಯದೆ ಅರಿವಾಗುತ್ತದೆ.

ನ್ಯೂಟನ್ 1687ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ನಿಯಮವನ್ನು ಹೇಳಿದ್ದು ವಾಕ್ಯರೂಪದಲ್ಲಿ, ಇಂದಿನ ಬೀಜಾಕ್ಷರಗಳ ಸಮೀಕರಣದಲ್ಲಲ್ಲ. ಆದುದರಿಂದ ಮೊದಲು ಮಾತು, ಆಮೇಲೆ ಚಿಹ್ನೆ ಎಂಬುದು ಅಶಾಸ್ತ್ರೀಯವೇನೂ ಅಲ್ಲ. ಈ ಕಾರ್ಯದಲ್ಲಿ ಕನ್ನಡ ಪಂಡಿತರು ದೂರ ಸರಿದು ನಿಲ್ಲಲಾಗದು. ಪರಿಭಾಷೆಯ ಪದಗಳಲ್ಲಿ ಅನೇಕವು ನಮ್ಮ ಶಬ್ದಭಂಡಾರದಿಂದಲೇ ಹೋದವು. ಅವುಗಳ ಅರ್ಥಭೇದವನ್ನು ತಿಳಿಸುವ ಹೊಣೆಯಲ್ಲಿ ನಮ್ಮ ಪಾಲೂ ಇದೆ. ವಿಜ್ಞಾನದ ಅಧ್ಯಾಪಕರೂ ನಾವೂ ವರ್ಷಾರಂಭದಲ್ಲಿ ಒಂದು ದಿನ ಕುಳಿತು ಪಾಠದ ಪದಗಳನ್ನು ಒಟ್ಟಿಗೆ ಪರಿಶೀಲಿಸುವುದು ಅಸಾಧ್ಯವೇನಲ್ಲ. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಧ್ಯಾಪಕರಿಗೆ ಪ್ರಾಯೋಗಿಕ ತರಬೇತಿಯನ್ನು ನೀಡುವ ಕೇಂದ್ರವೂ ಇದೆ. ಅದರ ಪ್ರಯೋಜನವನ್ನು ಪಡೆಯಬೇಕು.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ತಮ್ಮ ಔದಾರ್ಯಕ್ಕೆ ಈ ಸೀಮೆ ಋಣಿಯಾಗಿದೆ. ಇನ್ನು ಆ ಕೊಠಡಿಗಳೊಳಗೆ ಉರುಳುವ ನಾಲ್ಕು ಪುಟ್ಟ ಗಾಡಿಗಳು, ಕೆಲವು ಸ್ಪ್ರಿಂಗ್ ತಕ್ಕಡಿಗಳು, ತೂಕದ ಬೊಟ್ಟುಗಳು, ಕಾಲಮಾಪಕಗಳು ಬರಲಿ. ಇವುಗಳ ಮೇಲೆ ಹೆಸರು ಕೆತ್ತಿಸಲು ಸ್ಥಳವಿರಲಾರದು. ಆದರೆ ವ್ಯಾಕರಣದಲ್ಲಿ ಸೂತ್ರವನ್ನು ನಿಲ್ಲಿಸುವುದೂ, ವಿಜ್ಞಾನದಲ್ಲಿ ಅದನ್ನು ನಿಲ್ಲಿಸುವುದೂ ಪ್ರಯೋಗವೇ. ಮಕ್ಕಳ ಕೈಗೆ ಅದನ್ನು ಒದಗಿಸುವುದು ನಿಜವಾದ ವಿದ್ಯಾದಾನ.