ಬಂದೂಕಿಗೂ ಮೇವು ಬೇಕು



ಚಾಲುಕ್ಯರ ಮಂಗಳೇಶ ಕ್ರಿ.ಶ. 602ರ ಸುಮಾರಿಗೆ ಮಹಾಕೂಟದಲ್ಲಿ ಒಂದು ಕಂಬ ನೆಡಿಸಿದ. ಕಲಚೂರಿಗಳನ್ನು ಗೆದ್ದದ್ದು, ಅವರ ಸಂಪತ್ತನ್ನು ದೇವರಿಗೆ ಕೊಟ್ಟದ್ದು ಎಲ್ಲ ಅದರ ಮೇಲೆ ಕೆತ್ತಿದೆ. ಆದರೆ ಆ ದಂಡಿಗೆ ಕೂಳು ಹಾಕಿದವರು ಯಾರು, ಕತ್ತಿ ಬಡಿದವನಿಗೆ ಕೂಲಿ ಎಷ್ಟು ಸಿಕ್ಕಿತು, ಆ ಲೆಕ್ಕ ಇಲ್ಲ. ಈ ರೂಢಿ ಇನ್ನೂ ಹೋಗಿಲ್ಲ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೈನ್ಯಕ್ಕೆಂದು 6,01,427 ಎ.ಕೆ.-203 ರೈಫಲ್ಲುಗಳಿಗೆ ಕರಾರು ಮಾಡಿತು. ಮೊತ್ತ 5,000 ಕೋಟಿ ರೂಪಾಯಿಗೂ ಮೇಲೆ. ಭಾಗಿಸಿದರೆ ಒಂದಕ್ಕೆ 83 ಸಾವಿರದಷ್ಟು. ಸುದ್ದಿ ಅಲ್ಲಿಗೇ ಮುಗೀತದ. ನಮ್ಮ ಅವ್ವಂದಿರು ಎಮ್ಮೆ ಕೊಳ್ಳುವಾಗ ಬರೀ ಎಮ್ಮೆ ರೇಟು ಕೇಳ್ತಾರೇನು? ಮೇವಿಗೆ ಎಷ್ಟು, ಹಿಂಡಿಗೆ ಎಷ್ಟು, ಕಟ್ಟೋದೆಲ್ಲಿ, ಬತ್ತಿದ ಮೇಲೆ ಏನು ಗತಿ, ಎಲ್ಲ ಕೇಳ್ತಾರೆ.

ಬಂದೂಕಿಗೂ ಮೇವು ಬೇಕು. ಗುಂಡು ಬೇಕು, ಸವೆದ ನಳಿಗೆ, ಸ್ಪ್ರಿಂಗು ಬದಲಿಸಬೇಕು, ರಿಪೇರಿ ಮಾಡುವವನಿಗೆ ಪಗಾರ ಕೊಡಬೇಕು, ಇಡಲು ಕೋಣೆ, ಕಾಯಲು ಹಗಲು ರಾತ್ರಿ ಪಹರೆ ಬೇಕು. ಒಂದು ಲಕ್ಷ ಬಂದೂಕು, ತಾಲೀಮಿಗೆ ವರ್ಷಕ್ಕೆ ತಲಾ 100 ಗುಂಡು ಅಂತ ಹಿಡೀರಿ. ಮೂವತ್ತು ವರ್ಷಕ್ಕೆ 30 ಕೋಟಿ ಗುಂಡು!

ಜಾತಿ ಬದಲಿಸಿದರೆ ಇನ್ನೊಂದು ಖರ್ಚು. 1990ರ ದಶಕದಲ್ಲಿ ಎಸ್.ಎಲ್.ಆರ್. ಬಿಟ್ಟು 5.56 ಮಿ.ಮೀ.ನ ಇನ್ಸಾಸ್ ತಂದರು. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಮ್ಯಾಗಜಿನ್ ಬಿರುಕು ಬಿಟ್ಟವು. 2019ರಲ್ಲಿ ಅಮೆರಿಕದಿಂದ 72,400 ಸಿಗ್-716 ಕೊಂಡರು. ಆಮೇಲೆ ಎ.ಕೆ.-203 ಬಂತು. ಈ ಎರಡರ ಗುಂಡೂ 7.62 ಮಿ.ಮೀ. ಅನ್ನಿಸಿಕೊಂಡರೂ ಕೋಶದ ಉದ್ದ ಒಂದರದು 51, ಇನ್ನೊಂದರದು 39 ಮಿ.ಮೀ. ಇದರದು ಅದಕ್ಕೆ ಕೂಡೋದಿಲ್ಲ. ಇನ್ಸಾಸಿನದೂ ಸೇರಿ ಮೂರು ನಮೂನೆ ಗುಂಡು, ಮೂರು ದಾಸ್ತಾನು.

ಹಳೆಯದನ್ನೇ ಇಟ್ಟುಕೊಂಡರೆ ಉಳಿತಾಯವೇ? ಮಹಾಯುದ್ಧ ಕಾಲದ .303 ರೈಫಲ್ಲನ್ನು ಉತ್ತರ ಪ್ರದೇಶದ ಪೊಲೀಸರು 2020ರ ಜನವರಿಯವರೆಗೆ ಹೊತ್ತರು. ಹೊಸದೋ ಹಳೆಯದೋ, ತಾಲೀಮಿನಲ್ಲಿ ಉಳಿಸಿದ ರೊಕ್ಕದ ಬೆಲೆಯನ್ನು ಗುಂಪಿನಲ್ಲಿ ನಿಂತವನ ಎದೆ ಕೊಡಬೇಕಾಗ್ತದ. ಬಂದೂಕು ಹಿಡಿದ ಪೇದೆಯೂ ಬಡವರ ಮಗನೇ.

ಬಾದಾಮಿ ಸೀಮೆಯಲ್ಲಿ ಹರಿಯುವ ಮಲಪ್ರಭೆಯನ್ನೇ ನೋಡಿ. ಅಣೆಕಟ್ಟಿಗೆ ಹಾಕಿದ ರೊಕ್ಕವನ್ನು ಸರ್ಕಾರ ಅಭಿವೃದ್ಧಿ ಕರ ಅಂತ ರೈತರಿಂದ ಎಕರೆ ಲೆಕ್ಕದಲ್ಲಿ ಕೇಳಿತು. ರೈತರು ಎದ್ದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ನೀರಿನ ಲೆಕ್ಕ ರೈತನಿಂದ ಪೈಸೆ ಪೈಸೆಗೆ ಕೇಳಿದವರು ಬಂದೂಕಿನ ಲೆಕ್ಕ ಯಾರಿಗೆ ಕೊಟ್ಟರು?

ಬಂದೂಕೇ ಬೇಡ ಅನ್ನುವ ಮಾತಲ್ಲ ಇದು. ಗಡಿಯೂ ಇದೆ, ಠಾಣೆಯೂ ಇದೆ. ಆದರೆ ಹಾಸ್ಟೆಲ್ಲಿನ ಅಕ್ಕಿ ಬೇಳೆಗೆ ರಿಜಿಸ್ಟರ್ ಇರುವಾಗ, ಇದಕ್ಕೂ ಕೊಂಡ ದಿನದಿಂದ ಗುಜರಿಗೆ ಹಾಕುವ ದಿನದವರೆಗಿನ ಅಂದಾಜು ಸದನದ ಮುಂದೆ ಬರಬೇಕು. ಉಪ್ಪಿನಕಾಯಿ, ಬೆಂಕಿಪೊಟ್ಟಣ ಕೊಳ್ಳುವಾಗ ತೆರಿಗೆ ಕಟ್ಟುವವರು ನಾವೂ ಹೌದು. ಎಷ್ಟು ಬಂದೂಕು ಎಲ್ಲಿವೆ ಅಂತ ಕೇಳೋದು ಬೇಡ. ರಿಪೇರಿಗೆ ಎಷ್ಟು, ತಾಲೀಮಿಗೆ ಎಷ್ಟು, ಇದನ್ನು ಕೇಳಿ. ಬಜೆಟ್ ಪುಸ್ತಕ, ಮಹಾಲೇಖಪಾಲರ ವರದಿ ಓದಿ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿ. ಲೆಕ್ಕ ಕೇಳೋದು ದೇಶದ್ರೋಹ ಅಲ್ಲ. ಲೆಕ್ಕ ಮುಚ್ಚೋದರಿಂದ ದೇಶ ಗಟ್ಟಿಯಾಗೋದೂ ಇಲ್ಲ.